ಟೈಪ್ 1 ಡಯಾಬಿಟಿಸ್ ಮತ್ತು ನಿದ್ದೆ: ಸಂಜೆಯಿಂದ ಬೆಳಗಿನವರೆಗಿನ ಸಮಗ್ರ ಮಾರ್ಗದರ್ಶಿ

ರಾತ್ರಿ ಹನ್ನೊಂದು ಗಂಟೆ. ಮೀಟರ್ 118 ತೋರಿಸುತ್ತಿದೆ. ಮಲಗಬಹುದಾ?

ಬರೀ ಆ 118 ನೋಡಿ ಏನೂ ಹೇಳೋಕಾಗಲ್ಲ. ಏಳೂವರೆಗೆ ಊಟ ಮುಗಿಸಿ, ಸಂಜೆಯೆಲ್ಲ ಮನೆಯಲ್ಲೇ ಕೂತಿದ್ದರೆ ಅದು ಒಳ್ಳೆಯ ನಂಬರ್. ಹತ್ತು ಗಂಟೆಗೆ ಊಟ ಮಾಡಿ, ಆಗಷ್ಟೇ ಇನ್ಸುಲಿನ್ ಚುಚ್ಚಿಕೊಂಡು, ಸಂಜೆ ಎರಡು ಗಂಟೆ ಶಟಲ್ ಬೇರೆ ಆಡಿ ಬಂದಿದ್ದರೆ ಅದೇ 118 ನಡುರಾತ್ರಿ ಎರಡಕ್ಕೆ 50 ಆಗಿರಬಹುದು. ಈ ಭಯಕ್ಕೇ ಎಷ್ಟೋ ಜನ ಮಲಗುವ ಮುಂಚೆ ನಾಲ್ಕು ಬಿಸ್ಕತ್ತು ಜಾಸ್ತಿ ತಿಂದು, ಶುಗರ್ 220 ಇಟ್ಟುಕೊಂಡು ಮಲಗುತ್ತಾರೆ. ಶುಗರ್ ತೀರಾ ಇಳಿದು ಲೋ ಆಗಲ್ಲ, ನಿಜ. ಆದರೆ ರಾತ್ರಿ ಮೂರು ಸಲ ಬಾತ್‌ರೂಮಿಗೆ ಏಳಬೇಕು, ಗಂಟಲು ಒಣಗುತ್ತದೆ, ಬೆಳಿಗ್ಗೆ ತಲೆ ಭಾರ.

ಈ ಬರಹದಲ್ಲಿ ನಾನು ಹೇಳಹೊರಟಿರುವುದು ಒಂದೇ ಮಾತು. ರಾತ್ರಿಯ ಶುಗರ್ ಕೆಲಸದ ಬಹುಪಾಲನ್ನು ಸಂಜೆಯೇ ಮುಗಿಸಿಬಿಡಬೇಕು. ಹಾಸಿಗೆಯಲ್ಲಿ ಬಿದ್ದುಕೊಂಡು, ಅರ್ಧ ನಿದ್ದೆಯಲ್ಲಿ ಲೆಕ್ಕ ಹಾಕುವ ಪರಿಸ್ಥಿತಿಯೇ ಬರಬಾರದು.

ಶುರು ಮಾಡುವ ಮುಂಚೆ ಎರಡು ವಿಷಯ. ಇನ್ಸುಲಿನ್ ಡೋಸ್ ಬದಲಿಸುವುದು ನಿಮ್ಮ ಡಾಕ್ಟರ್ ಜೊತೆ ಮಾತಾಡಿಯೇ. ಇಲ್ಲಿ ಹೇಳುವುದು ಏನನ್ನು ಗಮನಿಸಬೇಕು, ಏನು ಕೇಳಬೇಕು ಅನ್ನುವುದನ್ನು. ಇನ್ನು ಅಂಕಿಗಳೆಲ್ಲ ನಮ್ಮ ದೇಶದ ಮೀಟರ್ ತೋರಿಸುವ ಲೆಕ್ಕದಲ್ಲಿವೆ, ಅಂದರೆ ಒಂದು ಡೆಸಿಲೀಟರ್ ರಕ್ತಕ್ಕೆ ಎಷ್ಟು ಮಿಲಿಗ್ರಾಂ ಅಂತ. ಇಂಗ್ಲೆಂಡ್, ಆಸ್ಟ್ರೇಲಿಯಾ ಕಡೆ ಇರುವ ನಮ್ಮವರು 18ರಿಂದ ಭಾಗಿಸಿಕೊಳ್ಳಿ.

ನಿದ್ದೆಗೂ ಶುಗರ್‌ಗೂ ಏನು ಸಂಬಂಧ?

ನಿದ್ದೆ ಕೆಟ್ಟರೆ ಮರುದಿನ ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲ್ಲ. ಬರೀ ಒಂದು ರಾತ್ರಿ ಕೆಟ್ಟರೂ ಸಾಕು. ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಟೈಪ್ 1 ಇರುವ ಕೆಲವರನ್ನು ಒಂದು ರಾತ್ರಿ ನಾಲ್ಕೇ ಗಂಟೆ ಮಲಗಿಸಿ ನೋಡಿದರು. 2010ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಪೂರ್ತಿ ನಿದ್ದೆ ಮಾಡಿದ ದಿನಕ್ಕಿಂತ ಅವತ್ತು ಅವರ ದೇಹ ಇನ್ಸುಲಿನ್‌ಗೆ ಸ್ಪಂದಿಸುವುದು ಚೆನ್ನಾಗಿಯೇ ಕಡಿಮೆಯಾಗಿತ್ತು. ಚಿಕ್ಕ ಅಧ್ಯಯನ ಅದು, ಏಳು ಜನರ ಮೇಲೆ ಮಾಡಿದ್ದು. ಆದರೆ ಮದುವೆ ಮನೆಯಲ್ಲಿ ನಿದ್ದೆಗೆಟ್ಟು ಮರುದಿನ ಅದೇ ಇಡ್ಲಿ ತಿಂದು ಅದೇ ಡೋಸ್ ತಗೊಂಡರೂ ಶುಗರ್ ಇಳಿಯದೆ ಕೂತದ್ದನ್ನು ನೋಡಿದವರಿಗೆ ಇದೇನೂ ಹೊಸದಲ್ಲ. ಸಾಲದ್ದಕ್ಕೆ ನಿದ್ದೆಗೆಟ್ಟ ದಿನ ಹಸಿವು ಜಾಸ್ತಿ, ಸಿಹಿ ತಿನ್ನುವ ಆಸೆ ಜಾಸ್ತಿ, ಊಟದಲ್ಲಿರುವ ಕಾರ್ಬ್ (ಕಾರ್ಬೋಹೈಡ್ರೇಟ್) ಲೆಕ್ಕ ಹಾಕುವ ತಾಳ್ಮೆ ಕಡಿಮೆ.

ಅದೇ ರೀತಿ ಶುಗರ್ ಕೆಟ್ಟರೂ ನಿದ್ದೆ ಕೆಡುತ್ತದೆ. ಸುಮಾರು 180 ದಾಟಿದ ಮೇಲೆ ಮೂತ್ರದಲ್ಲಿ ಸಕ್ಕರೆ ಹೋಗಲು ಶುರುವಾಗುತ್ತದೆ, ಅದು ನೀರನ್ನೂ ಎಳೆದುಕೊಂಡು ಹೋಗುತ್ತದೆ. ಅದಕ್ಕೇ ರಾತ್ರಿಯೆಲ್ಲ ಎದ್ದೆದ್ದು ಹೋಗುವುದು. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಶುರು ಮಾಡಿದರೆ ಶುಗರ್ ನೋಡಲೇಬೇಕು ಅನ್ನುವುದೂ ಇದಕ್ಕೇ.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಹಗಲಲ್ಲಿ ಲೋ ಆದರೆ ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಬೆವರುತ್ತದೆ. ಇದು ಅಡ್ರಿನಲಿನ್ ಹೊಡೆಯುವ ಎಚ್ಚರಿಕೆ ಗಂಟೆ. ನಿದ್ದೆಯಲ್ಲಿ, ಅದರಲ್ಲೂ ಗಾಢ ನಿದ್ದೆಯಲ್ಲಿ, ಈ ಗಂಟೆ ಮೆತ್ತಗೆ ಹೊಡೆಯುತ್ತದೆ. ಎಷ್ಟೋ ಸಲ ಎಚ್ಚರವೇ ಆಗಲ್ಲ. ಬೆಳಿಗ್ಗೆ ಬೆವರಿಗೆ ಅಂಟಿದ ಬನಿಯನ್, ತಲೆನೋವು, ಕೆಟ್ಟ ಕನಸಿನ ನೆನಪು, ಮಲಗಿದ್ದರೂ ಮಲಗದ ಹಾಗಿನ ಸುಸ್ತು, ಇವು ಕಂಡರೆ ರಾತ್ರಿ ಲೋ ಆಗಿತ್ತಾ ಅಂತ ಅನುಮಾನ ಪಡಿ.

ಹೆಜ್ಜೆ 1: ನಿಮ್ಮ ಇನ್ಸುಲಿನ್‌ನ ಗಡಿಯಾರ ತಿಳಿದುಕೊಳ್ಳಿ

ಇದನ್ನು ಮಾತ್ರ ನಿಧಾನವಾಗಿ ಓದಿ. ರಾತ್ರಿಯ ಅರ್ಧ ಸಮಸ್ಯೆ ಇಲ್ಲೇ ಬಗೆಹರಿಯುತ್ತದೆ.

ಊಟದ ಇನ್ಸುಲಿನ್‌ನಲ್ಲಿ ಎರಡು ಬಗೆ. ಹೊಸದು, ಅಂದರೆ ಲಿಸ್ಪ್ರೊ, ಆಸ್ಪಾರ್ಟ್ ಥರದ್ದು, ಕಾಲು ಗಂಟೆಯಲ್ಲಿ ಶುರುವಾಗಿ ಮೂರರಿಂದ ಐದು ಗಂಟೆಯಲ್ಲಿ ಮುಗಿಯುತ್ತದೆ. ಹಳೆಯದು ರೆಗ್ಯುಲರ್. ಊಟಕ್ಕೆ ಅರ್ಧ ಗಂಟೆ ಮುಂಚೆ ತಗೋಬೇಕು, ಅದರ ಕೆಲಸ ಐದರಿಂದ ಎಂಟು ಗಂಟೆಯವರೆಗೂ ನಡೆಯುತ್ತದೆ. ಈಗ ಲೆಕ್ಕ ಹಾಕಿ: ರಾತ್ರಿ ಒಂಬತ್ತೂವರೆಗೆ ರೆಗ್ಯುಲರ್ ತಗೊಂಡವರಿಗೆ ಬೆಳಗಿನ ಜಾವ ಮೂರು ಗಂಟೆಗೂ ಅದು ಸ್ವಲ್ಪ ಉಳಿದಿರುತ್ತದೆ. ಊಟ ಮಾತ್ರ ಯಾವಾಗಲೋ ಕರಗಿ ಹೋಗಿರುತ್ತದೆ.

ಬೇಸಲ್‌ನಲ್ಲೂ, ಅಂದರೆ ಊಟ ಇರಲಿ ಬಿಡಲಿ ಹಿನ್ನೆಲೆಯಲ್ಲಿ ನಿಧಾನವಾಗಿ ಕೆಲಸ ಮಾಡುತ್ತಿರುವ ಇನ್ಸುಲಿನ್‌ನಲ್ಲೂ ಹೀಗೇ. ಗ್ಲಾರ್ಜಿನ್ ಸುಮಾರು 24 ಗಂಟೆ ಹೆಚ್ಚು ಏರಿಳಿತವಿಲ್ಲದೆ ಹೋಗುತ್ತದೆ. ಕೆಲವರಿಗೆ ಅದಕ್ಕೂ ಮುಂಚೆಯೇ ಖಾಲಿಯಾಗುತ್ತದೆ. ಡೆಗ್ಲುಡೆಕ್ 42 ಗಂಟೆಗೂ ಮೇಲೆ ಇರುತ್ತದೆ, ರಾತ್ರಿ ಲೋ ಆಗುವುದೂ ಅದರಲ್ಲಿ ಕಡಿಮೆ. ಹಾಲಿನ ಹಾಗೆ ಮಬ್ಬಾಗಿ ಕಾಣುವ ಎನ್‌ಪಿಎಚ್ ಕಥೆ ಬೇರೆ. ಚುಚ್ಚಿದ ನಾಲ್ಕರಿಂದ ಹತ್ತು ಗಂಟೆಯೊಳಗೆ ಅದು ಜೋರಾಗಿ ಕೆಲಸ ಮಾಡಿ ಆಮೇಲೆ ಇಳಿಯುತ್ತದೆ. ರಾತ್ರಿ ಎಂಟೂವರೆಗೆ ಊಟದ ಜೊತೆ ತಗೊಂಡರೆ ಹನ್ನೆರಡೂವರೆಯ ಮೇಲೆ ಅದರ ಜೋರು ಶುರು. ದೊಡ್ಡವರ ದೇಹಕ್ಕೆ ಇನ್ಸುಲಿನ್ ಅತಿ ಕಡಿಮೆ ಬೇಕಾಗಿರುವುದು ಸರಿಯಾಗಿ ಆ ಹೊತ್ತಿಗೇ, ಮಧ್ಯರಾತ್ರಿಯಿಂದ ಮೂರರವರೆಗೆ. ಬೆಳಗಿನ ಜಾವ ಜಾಸ್ತಿ ಬೇಕಾದಾಗ ಅದು ಇಳಿಯುತ್ತಿರುತ್ತದೆ. ಅದಕ್ಕೇ ನಡುರಾತ್ರಿ ಲೋ, ಬೆಳಿಗ್ಗೆ ಹೈ.

ಎರಡು ಬಗೆಯ ಇನ್ಸುಲಿನ್ ಬೆರೆಸಿಯೇ ಬರುವ 30/70 ಮಿಕ್ಸ್ ತಗೊಳ್ಳುವವರಿಗೂ ಇದೇ ಪಾಡು, ಯಾಕಂದರೆ ಅದರಲ್ಲಿರುವ 70 ಭಾಗ ಎನ್‌ಪಿಎಚ್ಚೇ. ಬೇರೆ ಬೇರೆ ಚುಚ್ಚುವವರಿಗೆ ಡಾಕ್ಟರ್ ಎನ್‌ಪಿಎಚ್ ಅನ್ನು ಊಟದ ಹೊತ್ತಿನಿಂದ ಮಲಗುವ ಹೊತ್ತಿಗೆ ತಳ್ಳಿಕೊಡಬಹುದು, ಆಗ ಜೋರು ಬೆಳಗಿನ ಜಾವಕ್ಕೆ ಬರುತ್ತದೆ. ಮಿಕ್ಸ್‌ನಲ್ಲಿ ಆ ಆಟ ಆಡೋಕಾಗಲ್ಲ. ಟೈಪ್ 1 ಇದ್ದು ಮಿಕ್ಸ್‌ನಲ್ಲೇ ಇದ್ದು ರಾತ್ರಿ ಪದೇ ಪದೇ ಲೋ ಆಗುತ್ತಿದ್ದರೆ, "ನನಗೆ ಬೇಸಲ್ ಮತ್ತು ಊಟದ್ದು ಬೇರೆ ಬೇರೆ ಕೊಡೋಕಾಗುತ್ತಾ?" ಅಂತ ಕೇಳಿ. ಸಂಕೋಚ ಬೇಡ.

ಇನ್ನು ಚುಚ್ಚುವ ಜಾಗ. ಹೊಟ್ಟೆಯ ಮೇಲೆ, ತೊಡೆಯ ಮೇಲೆ ಬೆರಳಾಡಿಸಿ ನೋಡಿ. ಒಂದೇ ಕಡೆ ಚುಚ್ಚಿ ಚುಚ್ಚಿ ಮೆತ್ತನೆಯ ಗಂಟು ಕಟ್ಟಿರುತ್ತದೆ. ಅಲ್ಲಿ ನೋವು ಕಡಿಮೆ, ಅದಕ್ಕೇ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ಆದರೆ ಅಲ್ಲಿಂದ ಇನ್ಸುಲಿನ್ ಯಾವಾಗ ಎಷ್ಟು ರಕ್ತಕ್ಕೆ ಸೇರುತ್ತದೆ ಅನ್ನುವುದಕ್ಕೆ ಲೆಕ್ಕವೇ ಇಲ್ಲ. "ಒಂದು ದಿನ 60, ಒಂದು ದಿನ 260, ಅರ್ಥಾನೇ ಆಗಲ್ಲ" ಅನ್ನುವವರಲ್ಲಿ ಎಷ್ಟೋ ಜನರ ಉತ್ತರ ಆ ಗಂಟಿನಲ್ಲಿರುತ್ತದೆ. ಒಂದು ಎಚ್ಚರಿಕೆ. ಗಂಟು ಬಿಟ್ಟು ಬೇರೆ ಜಾಗಕ್ಕೆ ಹೋದಾಗ ಅದೇ ಡೋಸ್ ಜಾಸ್ತಿ ಕೆಲಸ ಮಾಡಬಹುದು, ಆ ದಿನಗಳಲ್ಲಿ ರಾತ್ರಿ ಒಂದು ಸಲ ಎದ್ದು ನೋಡಿ.

ಹೆಜ್ಜೆ 2: ರಾತ್ರಿ ಊಟ ಬೇಗ ಮುಗಿಸಿ

ಮಲಗುವುದಕ್ಕೂ ಊಟಕ್ಕೂ ಮೂರು ಗಂಟೆ ಅಂತರ ಇದ್ದರೆ, ಮಲಗುವಾಗ ಮೀಟರ್ ತೋರಿಸುವ ನಂಬರ್ ನಂಬುವ ಹಾಗಿರುತ್ತದೆ. ಎಂಟಕ್ಕೆ ಊಟ, ಹನ್ನೊಂದಕ್ಕೆ ಹಾಸಿಗೆ. ಮನೆಯವರೆಲ್ಲ ಸೀರಿಯಲ್ ಮುಗಿಸಿ ಹತ್ತಕ್ಕೆ ಊಟಕ್ಕೆ ಕೂರುವ ಮನೆಯಾದರೆ ನೀವೊಬ್ಬರು ಮುಂಚೆ ತಿನ್ನಿ. ಇದಕ್ಕೆ ಯಾರಾದರೂ ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ.

ಮುದ್ದೆ, ಅನ್ನ, ಚಪಾತಿ ಯಾವುದೇ ಆಗಲಿ, ಅಳತೆ ಗೊತ್ತಿದ್ದರೆ ಸಾಕು. ಕಷ್ಟ ಕೊಡುವುದು ಜಿಡ್ಡಿನ ಊಟ. ಬಿರಿಯಾನಿ, ಪಿಜ್ಜಾ, ತುಪ್ಪ ಸುರಿದ ಹೋಳಿಗೆ. ಇವುಗಳ ಶುಗರ್ ತಡವಾಗಿ ಏರುತ್ತದೆ, ನಾಲ್ಕೈದು ಗಂಟೆ ಕಳೆದ ಮೇಲೂ. ತಿಂದು ಎರಡು ಗಂಟೆಗೆ 130 ನೋಡಿ ಖುಷಿಯಾಗಿ ಮಲಗಿದವರು ಬೆಳಿಗ್ಗೆ 280 ನೋಡುವುದು ಹೀಗೆ. ಇಂಥ ಊಟ ಮಧ್ಯಾಹ್ನಕ್ಕೆ ಇಟ್ಟುಕೊಂಡರೆ ಏರಿದರೂ ಇಳಿದರೂ ನೀವು ಎಚ್ಚರವಾಗಿರುತ್ತೀರಿ.

ಹೆಜ್ಜೆ 3: ಮಲಗುವ ಮುಂಚಿನ ಐದು ಪ್ರಶ್ನೆ

ಮಲಗುವ ಹೊತ್ತಿನ ಶುಗರ್ ಎಷ್ಟಿರಬೇಕು ಅನ್ನುವುದು ಎಲ್ಲರಿಗೂ ಒಂದೇ ಅಲ್ಲ. ಸಾಮಾನ್ಯವಾಗಿ 100ರಿಂದ 150ರ ಒಳಗೆ ಅಂತ ಇಟ್ಟುಕೊಳ್ಳುತ್ತಾರೆ. ಲೋ ಆದರೆ ಗೊತ್ತೇ ಆಗದವರಿಗೆ, ಪುಟ್ಟ ಮಕ್ಕಳಿಗೆ, ವಯಸ್ಸಾದವರಿಗೆ ಇದಕ್ಕಿಂತ ಸ್ವಲ್ಪ ಮೇಲೆ. ನಿಮ್ಮದು ಎಷ್ಟು ಅಂತ ಡಾಕ್ಟರ್ ಹತ್ತಿರ ಬರೆಸಿಕೊಂಡು ಬನ್ನಿ. ಆಮೇಲೆ ದಿನಾ ಇಷ್ಟು ಕೇಳಿಕೊಳ್ಳಿ:

ಈಗ ನಂಬರ್ ಎಷ್ಟು? ಏರುತ್ತಿದೆಯಾ, ಇಳಿಯುತ್ತಿದೆಯಾ? ಮೈಗೆ ಅಂಟಿಸಿಕೊಂಡು ಸದಾ ಶುಗರ್ ನೋಡುತ್ತಿರುವ ಸೆನ್ಸರ್ ಇದ್ದರೆ ಬಾಣದ ಗುರುತು ಹೇಳುತ್ತದೆ, ಇಲ್ಲದಿದ್ದರೆ ಅರ್ಧ ಗಂಟೆ ಬಿಟ್ಟು ಇನ್ನೊಂದು ಸಲ ಬೆರಳು ಚುಚ್ಚಬೇಕು. ಊಟದ ಇನ್ಸುಲಿನ್ ಇನ್ನೂ ಎಷ್ಟು ಉಳಿದಿದೆ? ಇವತ್ತು ಮೈ ದಣಿದಿದೆಯಾ? ಕುಡಿದಿದ್ದೀರಾ?

ಮೈ ದಣಿಯುವ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಸಂಜೆ ಆಟವೋ ಜಿಮ್ಮೋ ಆದ ಮೇಲೆ, ಮಾಂಸಖಂಡಗಳು ಖರ್ಚಾದ ಸಕ್ಕರೆಯನ್ನು ರಾತ್ರಿಯೆಲ್ಲ ರಕ್ತದಿಂದ ಎಳೆದು ತುಂಬಿಕೊಳ್ಳುತ್ತವೆ. ಅದಕ್ಕೇ ಆಡುವಾಗ ಸರಿ ಇದ್ದ ಶುಗರ್ ಎಂಟು ಹತ್ತು ಗಂಟೆ ಬಿಟ್ಟು ಬೀಳುತ್ತದೆ. ಇದರ ಪರಿಣಾಮ 24 ಗಂಟೆಯವರೆಗೂ ಇರಬಹುದು. ಬರೀ ಆಟವಲ್ಲ, ಗದ್ದೆ ನಾಟಿ, ಮನೆ ಶಿಫ್ಟಿಂಗ್, ಜಾತ್ರೆಯಲ್ಲಿ ದಿನವಿಡೀ ಸುತ್ತಿದ್ದು ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಇಂಥ ದಿನ ಬೇಸಲ್ ಎಷ್ಟು ಇಳಿಸಬಹುದು ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಸುಮಾರು ಶೇ 20 ಇಳಿಸಲು ಹೇಳುವುದುಂಟು. ಮಲಗುವ ಮುಂಚೆ ಸ್ವಲ್ಪ ಹಾಲು, ಕಡಲೆಬೀಜ, ಒಂದು ಚಪಾತಿ ಥರದ್ದು ತಿನ್ನುವುದೂ ಒಳ್ಳೆಯದು. ಸಾಧ್ಯವಿದ್ದರೆ ವ್ಯಾಯಾಮವನ್ನೇ ಬೆಳಿಗ್ಗೆಗೆ ಹಾಕಿಕೊಳ್ಳಿ.

ಕುಡಿತದ ಬಗ್ಗೆ ಉಪದೇಶ ಮಾಡಲ್ಲ. ಅದು ಮಾಡುವ ಕೆಲಸವಷ್ಟೇ ಹೇಳುತ್ತೇನೆ. ಶುಗರ್ ಬಿದ್ದಾಗ ಲಿವರ್ ಹೊಸದಾಗಿ ಸಕ್ಕರೆ ಮಾಡಿ ಬಿಡಬೇಕು. ಆಲ್ಕೋಹಾಲ್ ಒಳಗೆ ಹೋದರೆ ಆ ಕೆಲಸ ನಿಲ್ಲುತ್ತದೆ. ಬಿಯರ್ ಕುಡಿದ ಕೂಡಲೇ ಶುಗರ್ ಏರಿ, ಮರುದಿನ ಬೆಳಿಗ್ಗೆ ಬೀಳಬಹುದು. ಖಾಲಿ ಹೊಟ್ಟೆಯಲ್ಲಿ ಮಲಗಬೇಡಿ, ಆ ರಾತ್ರಿ ಒಬ್ಬರೇ ಇರಬೇಡಿ. ಲೋ ಆಗಿ ತೊದಲುತ್ತಿದ್ದರೆ ಸುತ್ತಲಿನವರು "ಕುಡಿದು ಮಲಗಿದ್ದಾನೆ, ಬಿಡು" ಅಂದುಬಿಡುತ್ತಾರೆ. ಅಲ್ಲೇ ಅಪಾಯ ಇರುವುದು.

ಇನ್ನೆರಡು ಮಾತು. ಮಲಗುವಾಗ ಶುಗರ್ 90 ಇದೆ ಅಂತ ಬೇಸಲ್ ಬಿಟ್ಟುಬಿಡಬೇಡಿ. ಬೇಸಲ್ ಇಲ್ಲದ ಟೈಪ್ 1 ದೇಹದಲ್ಲಿ ಬೆಳಗಾಗುವಷ್ಟರಲ್ಲಿ ಕೀಟೋನ್ (ಇನ್ಸುಲಿನ್ ಇಲ್ಲದೆ ಕೊಬ್ಬು ಕರಗಿದಾಗ ರಕ್ತಕ್ಕೆ ಸೇರುವ ಆಮ್ಲ) ಶುರುವಾಗಬಹುದು. ಸ್ವಲ್ಪ ತಿನ್ನಿ, ಬೇಸಲ್ ತಗೊಳ್ಳಿ. ಇನ್ನು 260 ಇದೆ ಅಂತ ಸಿಟ್ಟಿಗೆ ಜಾಸ್ತಿ ಯೂನಿಟ್ ಚುಚ್ಚಿಕೊಂಡು ಮಲಗಬೇಡಿ. ಊಟದ ಇನ್ಸುಲಿನ್ ಇನ್ನೂ ಒಳಗಿರುವಾಗ ಅದರ ಮೇಲೆ ಇನ್ನೊಂದು ಹಾಕಿದರೆ ಎರಡೂ ಸೇರಿ ನಡುರಾತ್ರಿ ಕೆಡವುತ್ತವೆ. ಮಲಗುವ ಹೊತ್ತಿನ ತಿದ್ದುಪಡಿ ಡೋಸ್, ಅಂದರೆ ಏರಿದ ಶುಗರ್ ಇಳಿಸಲು ತಗೊಳ್ಳುವ ಡೋಸ್, ಹಗಲಿನದಕ್ಕಿಂತ ಕಡಿಮೆ ಇರಲಿ ಅಂತ ತುಂಬಾ ಡಾಕ್ಟರ್‌ಗಳು ಹೇಳುತ್ತಾರೆ. ನಿಮ್ಮದು ಎಷ್ಟು, ಕೇಳಿ. 250ರ ಮೇಲಿದ್ದು ಜ್ವರವೋ ಹೊಟ್ಟೆನೋವೋ ಇದ್ದರೆ ಕೀಟೋನ್ ನೋಡಿ. ವಾಂತಿಯೂ ಆಗುತ್ತಿದ್ದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೊರಡಿ.

ಹೆಜ್ಜೆ 4: ಹಾಸಿಗೆ ಪಕ್ಕದ ವ್ಯವಸ್ಥೆ

ಮೀಟರ್, ಸ್ಟ್ರಿಪ್, ಲ್ಯಾನ್ಸೆಟ್, ಸಣ್ಣ ಟಾರ್ಚ್, ನೀರು. ಇದರ ಜೊತೆ ಅಳೆದಿಟ್ಟ ಗ್ಲೂಕೋಸ್. ಈ ಅಳೆದಿಡುವುದೇ ಮುಖ್ಯ. ಮೂರು ಚಮಚ ಗ್ಲೂಕೋಸ್ ಪುಡಿ, ಅಂದರೆ ಸುಮಾರು 15 ಗ್ರಾಂ, ಒಂದೊಂದು ಪುಟ್ಟ ಡಬ್ಬಿಗೆ ಹಾಕಿ ಮೂರು ಡಬ್ಬಿ ಮಾಡಿಡಿ. ಔಷಧಿಯ ಖಾಲಿ ಡಬ್ಬಿಗಳೂ ಆಗುತ್ತವೆ, ತೊಳೆದು ಒಣಗಿಸಿ. ಯಾಕಿಷ್ಟು ಹೇಳುತ್ತಿದ್ದೇನೆ ಅಂದರೆ, ರಾತ್ರಿ ಎರಡಕ್ಕೆ 52 ಇರುವ ತಲೆಗೆ ಮೂರು ಚಮಚ ಎಣಿಸುವ ಶಕ್ತಿ ಇರಲ್ಲ. ಅಡುಗೆಮನೆಗೆ ಹೋದರೆ ಸಕ್ಕರೆ, ಆಮೇಲೆ ಬ್ರೆಡ್ಡು, ಆಮೇಲೆ ಫ್ರಿಡ್ಜಿನಲ್ಲಿದ್ದ ಪಾಯಸ. ಹೊಟ್ಟೆಯೊಳಗಿನ ಆ ಹಸಿವು ತಡೆಯೋಕಾಗಲ್ಲ, ಬೆಳಿಗ್ಗೆ 310. ಡಬ್ಬಿ ಇದ್ದರೆ ಮುಚ್ಚಳ ತೆಗೆದು, ನೀರು ಹಾಕಿ, ಕುಲುಕಿ ಕುಡಿದರೆ ಮುಗಿಯಿತು. ಇರುವೆ ಬರದ ಹಾಗೆ ಮುಚ್ಚಳ ಗಟ್ಟಿ ಇರಲಿ.

ಪೆನ್ನುಗಳ ವಿಷಯ ಇದಕ್ಕಿಂತ ಗಂಭೀರ. ಊಟದ ಪೆನ್ನು, ಬೇಸಲ್ ಪೆನ್ನು ಒಂದೇ ಪೌಚ್‌ನಲ್ಲಿಟ್ಟು, ಕಣ್ಣೆಳೆಯುವ ಹೊತ್ತಿನಲ್ಲಿ 20 ಯೂನಿಟ್ ಬೇಸಲ್ ಬದಲು 20 ಯೂನಿಟ್ ಊಟದ್ದು ಚುಚ್ಚಿಕೊಳ್ಳುವುದು ಟೈಪ್ 1 ಮನೆಗಳಲ್ಲಿ ಆಗಾಗ ನಡೆಯುತ್ತದೆ. ಬೇಸಲ್ ಪೆನ್ನಿಗೆ ರಬ್ಬರ್ ಬ್ಯಾಂಡ್ ಸುತ್ತಿ, ಕತ್ತಲಲ್ಲೂ ಕೈಗೆ ಗೊತ್ತಾಗಬೇಕು. ಎರಡನ್ನೂ ಬೇರೆ ಬೇರೆ ಕಡೆ ಇಡಿ. ಎನ್‌ಪಿಎಚ್ ಬಿಟ್ಟು ಬೇರೆ ಬೇಸಲ್ ಆದರೆ ಹಾಸಿಗೆಗೆ ಹೋಗುವಾಗಲ್ಲ, ರಾತ್ರಿ ಎಂಟಕ್ಕೋ ಒಂಬತ್ತಕ್ಕೋ ಪೂರ್ತಿ ಎಚ್ಚರವಿರುವಾಗ ತಗೊಳ್ಳಿ. ಆದರೂ ಅದಲು ಬದಲಾದರೆ ಮಲಗಬೇಡಿ. ತಿನ್ನಲು ಶುರು ಮಾಡಿ, ಮನೆಯವರನ್ನು ಎಬ್ಬಿಸಿ, ಕಾಲು ಗಂಟೆಗೊಮ್ಮೆ ಶುಗರ್ ನೋಡುತ್ತಾ ಡಾಕ್ಟರ್‌ಗೆ ಫೋನ್ ಮಾಡಿ. ಯೂನಿಟ್ ಜಾಸ್ತಿ ಹೋಗಿದ್ದರೆ ಆಸ್ಪತ್ರೆಗೇ ಹೋಗಿ ಕೂರುವುದು ಮೇಲು.

ಹೆಜ್ಜೆ 5: ರಾತ್ರಿ ಲೋ ಆದಾಗ

70ಕ್ಕಿಂತ ಕೆಳಗೆ ಬಂದರೆ ಲೋ. 54ಕ್ಕಿಂತ ಕೆಳಗೆ ಹೋದರೆ ಗಂಭೀರ. ಎದ್ದು ಕೂತುಕೊಳ್ಳಿ, ಮಲಗಿಕೊಂಡೇ ಕುಡಿಯಬೇಡಿ. 15 ಗ್ರಾಂ ಗ್ಲೂಕೋಸ್ ಕುಡಿದು 15 ನಿಮಿಷ ಕಾದು ಮತ್ತೆ ನೋಡಿ. ಇನ್ನೂ 70 ಆಗದಿದ್ದರೆ ಇನ್ನೊಂದು ಡಬ್ಬಿ. ಮಕ್ಕಳಿಗೆ ಇಷ್ಟು ಬೇಡ, ತೂಕದ ಪ್ರತಿ ಕಿಲೋಗೆ 0.3 ಗ್ರಾಂ ಲೆಕ್ಕ. 20 ಕಿಲೋ ಮಗುವಿಗೆ ಸುಮಾರು 6 ಗ್ರಾಂ ಸಾಕು. ಚಾಕೊಲೇಟ್ ಬೇಡ, ಅದರ ಜಿಡ್ಡು ಸಕ್ಕರೆಯನ್ನು ತಡ ಮಾಡುತ್ತದೆ. 70 ದಾಟಿದ ಮೇಲೆ, ಸಂಜೆ ಆಡಿದ್ದರೆ ಅಥವಾ ಎನ್‌ಪಿಎಚ್ ಕೆಲಸ ನಡೆಯುತ್ತಿದ್ದರೆ ಅರ್ಧ ಲೋಟ ಹಾಲೋ ಎರಡು ಬಿಸ್ಕತ್ತೋ ತಿಂದು ಮಲಗಿ.

ಸೆನ್ಸರ್ ಇರುವವರು ಇಲ್ಲಿ ಒಂದು ವಿಷಯ ನೆನಪಿಡಿ. ಅದು ರಕ್ತವನ್ನಲ್ಲ, ಚರ್ಮದ ಕೆಳಗಿನ ದ್ರವವನ್ನು ನೋಡುತ್ತದೆ. ಐದರಿಂದ ಹದಿನೈದು ನಿಮಿಷ ಹಿಂದಿರುತ್ತದೆ. ಗ್ಲೂಕೋಸ್ ಕುಡಿದ ಮೇಲೂ ಅದು 58, 56 ಅಂತ ಹೆದರಿಸುತ್ತದೆ, ನೀವು ಇನ್ನಷ್ಟು ತಿನ್ನುತ್ತೀರಿ. ಆ ಹೊತ್ತಿನಲ್ಲಿ ಬೆರಳಿನ ಟೆಸ್ಟ್ ನಂಬಿ. ಬೆರಳಿಗೆ ಗ್ಲೂಕೋಸ್ ಪುಡಿ ಅಂಟಿದ್ದರೆ 240 ಅಂತ ಸುಳ್ಳು ಹೇಳುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ ಚುಚ್ಚಿ.

ಪ್ರಜ್ಞೆ ಇಲ್ಲದಿದ್ದರೆ, ಫಿಟ್ಸ್ ಬಂದರೆ, ಬಾಯಿಗೆ ಏನೂ ಹಾಕಬಾರದು. ನೀರೂ ಬೇಡ. ಶ್ವಾಸಕೋಶಕ್ಕೆ ಹೋಗುತ್ತದೆ. ಒಂದು ಪಕ್ಕಕ್ಕೆ ಮಲಗಿಸಿ, 108ಕ್ಕೆ ಫೋನ್ ಮಾಡಿ, "ಇನ್ಸುಲಿನ್ ತಗೊಳ್ಳುವ ಶುಗರ್ ಪೇಷೆಂಟ್, ಲೋ ಆಗಿದೆ" ಅಂತ ಮೊದಲೇ ಹೇಳಿ. ಶುಗರ್ ಏರಿಸುವ ಗ್ಲುಕಗಾನ್ ಇಂಜೆಕ್ಷನ್ ಮನೆಯಲ್ಲಿದ್ದರೆ ಕೊಡಿ. ನಮ್ಮಲ್ಲಿ ಎಲ್ಲ ಮೆಡಿಕಲ್ ಶಾಪ್‌ನಲ್ಲೂ ಅದು ಸಿಗಲ್ಲ, ಬೇಕಾ ಅಂತ ಡಾಕ್ಟರ್‌ನ ಮುಂಚೆಯೇ ಕೇಳಿ ತರಿಸಿಡಬೇಕು. ಈ ಪ್ಯಾರಾ ನಿಮಗಲ್ಲ, ನಿಮ್ಮ ಪಕ್ಕ ಮಲಗುವವರಿಗೆ. ಓದಿಸಿ. ಪಿಜಿಯಲ್ಲಿ, ಹಾಸ್ಟೆಲ್‌ನಲ್ಲಿ ಇರುವವರು ರೂಮ್‌ಮೇಟ್‌ಗೆ ಓದಿಸಿ.

ಹೆಜ್ಜೆ 6: ಬೆಳಿಗ್ಗೆ ಹೈ ಯಾಕೆ ಅಂತ ಪತ್ತೆ ಮಾಡಿ

ಬೆಳಿಗ್ಗೆ ಏಳಕ್ಕೆ 230. ಸುಮ್ನೆ ಬೇಸಲ್ ಏರಿಸಿಬಿಡಬೇಡಿ. ಮೊದಲು ಎರಡು ಮೂರು ರಾತ್ರಿ, ಮಲಗುವಾಗ, ಮೂರು ಗಂಟೆಗೆ, ಎದ್ದ ಕೂಡಲೇ ಶುಗರ್ ನೋಡಿ ಬರೆದಿಡಿ. ಸೆನ್ಸರ್ ಇದ್ದರೆ ಗ್ರಾಫ್ ನೋಡಿದರಾಯಿತು.

ಮಲಗುವಾಗಲೇ ಹೈ ಇದ್ದು ಹಾಗೇ ಇದ್ದರೆ ತೊಂದರೆ ಊಟದ ಡೋಸ್‌ನದ್ದು, ಬೇಸಲ್‌ನದ್ದಲ್ಲ. ಮೂರು ಗಂಟೆಯವರೆಗೆ 120 ಇದ್ದು ನಾಲ್ಕರ ಮೇಲೆ ಏರುತ್ತಾ ಹೋದರೆ ಅದು ಬೆಳಗಿನ ಜಾವದ ಏರಿಕೆ. ಬೆಳವಣಿಗೆಯ ಹಾರ್ಮೋನು ಮತ್ತು ಕಾರ್ಟಿಸಾಲ್ ಸೇರಿ ಮಾಡುವ ಕೆಲಸ ಅದು, ದೇಹ ದಿನಕ್ಕೆ ತಯಾರಾಗುತ್ತಾ ಲಿವರ್‌ನಿಂದ ಸಕ್ಕರೆ ಬಿಡಿಸುತ್ತದೆ. ಬೆಳೆಯುವ ವಯಸ್ಸಿನ ಹುಡುಗ ಹುಡುಗಿಯರಲ್ಲಿ ಇದು ಜೋರು. ಹಿಂದಿನ ದಿನದ ಬೇಸಲ್ ಅಷ್ಟೊತ್ತಿಗೆ ಖಾಲಿಯಾಗಿದ್ದರೂ ಗ್ರಾಫ್ ಹೀಗೇ ಕಾಣುತ್ತದೆ. ಮೂರು ಗಂಟೆಗೆ 60 ಇದ್ದು ಬೆಳಿಗ್ಗೆ 230 ಆಗಿದ್ದರೆ ಹೆಚ್ಚಾಗಿ ಮಧ್ಯದಲ್ಲಿ ಯಾರೋ ಪಾಯಸ ತಿಂದಿದ್ದಾರೆ. ಲೋ ಆದ ಮೇಲೆ ದೇಹ ತಾನಾಗಿಯೇ ಶುಗರ್ ಏರಿಸಿಬಿಡುತ್ತದೆ ಅನ್ನುವುದು ಮೈಕಲ್ ಸೊಮೊಗಿ ಅನ್ನುವ ವಿಜ್ಞಾನಿ 1930ರ ದಶಕದಲ್ಲಿ ಹೇಳಿದ ಮಾತು. ಸೆನ್ಸರ್‌ಗಳು ಬಂದ ಮೇಲೆ ನೋಡಿದರೆ ಅದು ಅಷ್ಟಾಗಿ ಕಾಣಲಿಲ್ಲ. ರಾತ್ರಿ ಲೋ ಆದವರು ಬೆಳಿಗ್ಗೆಯೂ ಕಡಿಮೆಯೇ ಇರುವುದು ಹೆಚ್ಚು. ಹಾಗಾಗಿ ಬೆಳಿಗ್ಗೆ ಹೈ ಅಂದ ಕೂಡಲೇ "ರಾತ್ರಿ ಲೋ ಆಗಿರಬೇಕು" ಅಂತ ಊಹೆ ಮಾಡಿ ಇನ್ಸುಲಿನ್ ಇಳಿಸುವುದೂ ತಪ್ಪು. ಮೂರು ಗಂಟೆಯ ನಂಬರ್ ನೋಡದೆ ಯಾವ ತೀರ್ಮಾನವೂ ಬೇಡ.

ಬೇಸಲ್ ಸರಿ ಇದೆಯಾ ಅಂತ ನೋಡಲು ಒಂದು ಪರೀಕ್ಷೆ ಇದೆ. ಹುಷಾರಾಗಿರುವ, ಜಾಸ್ತಿ ಓಡಾಡದ ಒಂದು ದಿನ ಸಂಜೆ ಆರೂವರೆಗೇ ಹಗುರವಾದ ಊಟ ಮುಗಿಸಿ. ಆಮೇಲೆ ಏನೂ ತಿನ್ನಬೇಡಿ, ಊಟದ ಇನ್ಸುಲಿನ್ ಪೂರ್ತಿ ಮುಗಿಯಲಿ. ಹನ್ನೊಂದರಿಂದ ಬೆಳಗಿನವರೆಗೆ ಎರಡು ಗಂಟೆಗೊಮ್ಮೆ ನೋಡಿ. 30ಕ್ಕಿಂತ ಜಾಸ್ತಿ ಏರಿಳಿತ ಇಲ್ಲದಿದ್ದರೆ ಬೇಸಲ್ ಸರಿ ಇದೆ ಅಂತ ಅರ್ಥ. ಲೋ ಆದರೆ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ ಗ್ಲೂಕೋಸ್ ಕುಡಿಯಿರಿ. ನಿದ್ದೆಗೆಡುವ ಕೆಲಸ ಇದು, ಆದರೆ ಎರಡು ಮೂರು ರಾತ್ರಿ ಹೀಗೆ ಕೆಟ್ಟರೆ ಮುಂದಿನ ತಿಂಗಳುಗಳ ನಿದ್ದೆ ಉಳಿಯುತ್ತದೆ. ಶನಿವಾರ ಮಾಡಿ.

ಹೆಜ್ಜೆ 7: ಅಲಾರಂ ನಿಮ್ಮ ಮಾತು ಕೇಳಲಿ

ಅಲಾರಂ ಇರುವ ಸೆನ್ಸರ್ ಹಾಕಿದ ಹೊಸತರಲ್ಲಿ ಎಲ್ಲವನ್ನೂ ಆನ್ ಮಾಡಿಡುತ್ತಾರೆ. ವಾರ ಕಳೆದರೆ ಸಾಕಾಗಿ ಎಲ್ಲವನ್ನೂ ಆಫ್. ಎರಡೂ ಬೇಡ. ರಾತ್ರಿಗೆ ಲೋ ಅಲಾರಂ 70 ಅಥವಾ 80ಕ್ಕೆ, ಜೋರಾಗಿ, ಫೋನ್ ಸೈಲೆಂಟ್‌ನಲ್ಲಿದ್ದರೂ ಹೊಡೆಯುವ ಹಾಗೆ. ಹೈ ಅಲಾರಂ ರಾತ್ರಿ ಮಾತ್ರ 250ಕ್ಕೋ ಅದಕ್ಕಿಂತ ಮೇಲಕ್ಕೋ ತಳ್ಳಿ. 182 ಆಯಿತು ಅಂತ ರಾತ್ರಿ ಎರಡಕ್ಕೆ ಎದ್ದು ನೀವೇನೂ ಮಾಡಲ್ಲ, ಅಲ್ವಾ?

ಸೆನ್ಸರ್ ಇರುವ ತೋಳಿನ ಮೇಲೆ ಮಲಗಿದರೆ ಸುಳ್ಳು ಲೋ ಬರುತ್ತದೆ. ಗ್ರಾಫ್ ನೆಟ್ಟಗೆ ಕೆಳಗೆ ಬಿದ್ದು, ಮಗ್ಗುಲು ಬದಲಿಸಿದ ಮೇಲೆ ನೆಟ್ಟಗೆ ಮೇಲೆ ಬಂದಿದ್ದರೆ ಅದು ಒತ್ತಡದ್ದು. ನೀವು ಮಲಗದ ಕಡೆಯ ತೋಳಿಗೆ ಹಾಕಿ. ಸೆನ್ಸರ್ ಖರ್ಚು ಕೈಗೆಟುಕದವರೇ ನಮ್ಮಲ್ಲಿ ಜಾಸ್ತಿ. ಅಂಥವರು ದುಡಿದು ದಣಿದ ದಿನ, ಡೋಸ್ ಬದಲಿಸಿದ ದಿನ, ಹುಷಾರಿಲ್ಲದ ದಿನ ಮಾತ್ರ ಎರಡೂವರೆಗೆ ಅಲಾರಂ ಇಟ್ಟು ಒಂದು ಸ್ಟ್ರಿಪ್ ಖರ್ಚು ಮಾಡಿ. ದಿನಾ ಬೇಡ. ಶುಗರ್ ಬೀಳುವ ಮೊದಲೇ ತಾನಾಗಿ ಇನ್ಸುಲಿನ್ ನಿಲ್ಲಿಸುವ ಪಂಪುಗಳೂ ಇಲ್ಲಿ ಸಿಗುತ್ತವೆ, ರಾತ್ರಿಯ ಮಟ್ಟಿಗೆ ಅವು ತುಂಬಾ ಒಳ್ಳೆಯವು, ಆದರೆ ಬೆಲೆ ಲಕ್ಷಗಳಲ್ಲಿ.

ಅಪ್ಪ ಅಮ್ಮಂದಿರಿಗೆ

ಮಗುವಿನ ಟೈಪ್ 1 ಅಂದರೆ ಅಮ್ಮನ ನಿದ್ದೆ ಹೋಯಿತು ಅಂತಲೇ ಆಗಿಬಿಟ್ಟಿದೆ. ಪಾಳಿ ಮಾಡಿಕೊಳ್ಳಿ. ಎರಡು ಗಂಟೆಯವರೆಗೆ ಒಬ್ಬರು, ಆಮೇಲೆ ಇನ್ನೊಬ್ಬರು, ಅಥವಾ ದಿನ ಬಿಟ್ಟು ದಿನ. ತಮ್ಮ ಪಾಳಿ ಅಲ್ಲದವರು ಬೇರೆ ಕೋಣೆಯಲ್ಲಿ ಮಲಗಲಿ. ಬೆಳಿಗ್ಗೆ ಕೆಲಸ ಇದೆ ಅನ್ನುವ ಕಾರಣ ಅಪ್ಪನಿಗೆ ಎಷ್ಟಿದೆಯೋ ಅಮ್ಮನಿಗೂ ಅಷ್ಟೇ ಇದೆ. ಅಜ್ಜಿಗೆ ಮೀಟರ್ ಹಿಡಿಯಲು ಕಲಿಸಿ, ವಾರಕ್ಕೊಂದು ರಾತ್ರಿ ಅವರು ನೋಡಿಕೊಳ್ಳಲಿ. ಬೆರಳಿನ ತುದಿಯಲ್ಲಲ್ಲ, ಪಕ್ಕದಲ್ಲಿ ಚುಚ್ಚಿದರೆ ಎಷ್ಟೋ ಮಕ್ಕಳಿಗೆ ಎಚ್ಚರವೂ ಆಗಲ್ಲ. ಕುಡಿಸುವುದಿದ್ದರೆ ಮಾತ್ರ ಎಬ್ಬಿಸಿ ಕೂರಿಸಿಯೇ ಕುಡಿಸಿ.

ಮಕ್ಕಳಿಗೆ ನಿದ್ದೆ ಎಷ್ಟು ಬೇಕು? 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ, ಹದಿಹರೆಯದವರಿಗೆ 8ರಿಂದ 10, ದೊಡ್ಡವರಿಗೆ ಕಡಿಮೆ ಅಂದರೂ 7. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸುವ ಮನೆಗಳಲ್ಲಿ ಇದು ಹೇಗೂ ನಡೆಯಲ್ಲ, ಆದರೆ ಆ ತಿಂಗಳು ಶುಗರ್ ಏರಿದರೆ ಮಗುವನ್ನು ಬೈಯಬೇಡಿ.

ನಿದ್ದೆಯ ಬಗ್ಗೆಯೇ ಸ್ವಲ್ಪ

ದಿನಾ ಒಂದೇ ಹೊತ್ತಿಗೆ ಮಲಗಿ ಏಳುವುದು ಎಲ್ಲರಿಗೂ ಒಳ್ಳೆಯದು, ನಮಗೆ ಇನ್ನೂ ಒಳ್ಳೆಯದು, ಯಾಕಂದರೆ ಬೇಸಲ್, ಊಟ ಎಲ್ಲ ಅದಕ್ಕೆ ಹೊಂದಿಕೊಂಡಿವೆ. ಸಂಜೆ ನಾಲ್ಕರ ಮೇಲೆ ಕಾಫಿ ಬಿಟ್ಟು ನೋಡಿ. ಜೋರು ಗೊರಕೆ, ನಡುವೆ ಉಸಿರು ನಿಂತ ಹಾಗೆ ಆಗುವುದು, ಹಗಲು ತೂಕಡಿಕೆ ಇದ್ದರೆ ಡಾಕ್ಟರ್‌ಗೆ ಹೇಳಿ. ಇದು ದಪ್ಪಗಿರುವವರಿಗೆ ಮಾತ್ರ ಬರುವ ತೊಂದರೆ ಅಲ್ಲ. ರಾತ್ರಿ ಪಾದ ಉರಿದು ನಿದ್ದೆ ಬರದಿದ್ದರೂ ಹೇಳಿ, ಅದಕ್ಕೆ ಔಷಧಿ ಇದೆ. ನಿದ್ದೆ ಮಾತ್ರೆಯನ್ನು ಮಾತ್ರ ಸ್ವಂತವಾಗಿ ತಗೋಬೇಡಿ. ಲೋ ಆದಾಗ ಏಳುವ ಸಾಧ್ಯತೆಯನ್ನು ಅದು ಇನ್ನೂ ಕಡಿಮೆ ಮಾಡುತ್ತದೆ.

ನೈಟ್ ಶಿಫ್ಟ್, ನೈಟ್ ಬಸ್, ಜಾಗರಣೆ

ಬೆಂಗಳೂರಿನ ನೈಟ್ ಶಿಫ್ಟ್‌ನವರು ಬೇಸಲ್ ಅನ್ನು "ಮಲಗುವ ಮುಂಚೆ" ಅಂತ ಇಟ್ಟುಕೊಂಡರೆ ರಜೆ ದಿನ ಕೆಡುತ್ತದೆ. ಗಡಿಯಾರಕ್ಕೆ ಕಟ್ಟಿ. ಕೆಲಸದ ದಿನವೂ ರಜೆಯ ದಿನವೂ ಎಚ್ಚರ ಇರುವ ಒಂದು ಹೊತ್ತು, ಸಂಜೆ ಏಳು ಅನ್ನಿ. ಶಿಫ್ಟ್ ವಾರ ವಾರ ಬದಲಾಗುವುದಾದರೆ ಡೆಗ್ಲುಡೆಕ್ ಬಗ್ಗೆ ಕೇಳಿ. ದೊಡ್ಡವರು ಅದರ ಹೊತ್ತು ಸ್ವಲ್ಪ ಹಿಂದೆ ಮುಂದೆ ಮಾಡಬಹುದು, ಎರಡು ಡೋಸ್ ನಡುವೆ 8 ಗಂಟೆಯಾದರೂ ಇರಬೇಕು.

ಸ್ಲೀಪರ್ ಬಸ್‌ನಲ್ಲಿ ಕಲಬುರಗಿಗೋ ಮಂಗಳೂರಿಗೋ ಹೊರಟರೆ ಇನ್ಸುಲಿನ್ ಮತ್ತು ಗ್ಲೂಕೋಸ್ ಡಬ್ಬಿ ನಿಮ್ಮ ತಲೆ ಪಕ್ಕದ ಬ್ಯಾಗಿನಲ್ಲಿರಲಿ, ಡಿಕ್ಕಿಯಲ್ಲಿ ಅಲ್ಲ. ಬಸ್ ಊಟಕ್ಕೆ ನಿಲ್ಲಿಸುತ್ತದೆ ಅಂತ ನಂಬಿ ಮುಂಚೆಯೇ ಚುಚ್ಚಿಕೊಳ್ಳಬೇಡಿ, ಒಂಬತ್ತೂವರೆ ಅಂದಿದ್ದು ಹನ್ನೊಂದೂವರೆ ಆಗುತ್ತದೆ. ಮನೆಯಲ್ಲೇ ಉಂಡು ಹತ್ತಿ.

ಶಿವರಾತ್ರಿಗೆ ಉಪವಾಸವೂ ಇದೆ, ಜಾಗರಣೆಯೂ ಇದೆ. ಮಾಡಲೇಬೇಕು ಅನ್ನುವವರು ವಾರ ಮುಂಚೆ ಡಾಕ್ಟರ್ ಹತ್ತಿರ ಹೋಗಿ. ಬೇಸಲ್ ಬಿಡುವ ಹಾಗಿಲ್ಲ, ಊಟದ ಇನ್ಸುಲಿನ್ ತಿಂದಾಗ ಮಾತ್ರ. ಲೋ ಆದರೆ ಉಪವಾಸ ಅಲ್ಲಿಗೆ ಮುಗಿಯಿತು, ಶಿವ ಬೇಡ ಅನ್ನಲ್ಲ. ಮರುದಿನ ಹಗಲು ಮಲಗುವಾಗಲೂ ಅಲಾರಂ ಇರಲಿ. ರಂಜಾನ್ ಉಪವಾಸ ಟೈಪ್ 1 ಇರುವವರಿಗೆ ಹೆಚ್ಚು ಅಪಾಯದ್ದು ಅಂತಲೇ ವೈದ್ಯರು ಲೆಕ್ಕ ಹಾಕುತ್ತಾರೆ. ಸಹರಿಗೆ, ಅಂದರೆ ಬೆಳಗಿನ ಜಾವದ ಊಟಕ್ಕೆ ಏಳುವುದರಿಂದ ನಿದ್ದೆಯೂ ಎರಡು ತುಂಡಾಗುತ್ತದೆ. ಹಿಡಿಯಬೇಕಾ ಬೇಡವಾ ಅನ್ನುವುದು ತಿಂಗಳು ಶುರುವಾಗುವ ಮುಂಚೆಯೇ ತೀರ್ಮಾನವಾಗಿರಲಿ.

ಡಾಕ್ಟರ್ ಹತ್ತಿರ ಹೋಗುವಾಗ

ಎರಡು ವಾರದ ಒಂದು ಪಟ್ಟಿ ಸಾಕು. ರಾತ್ರಿ ಊಟ ಎಷ್ಟೊತ್ತಿಗೆ, ಮಲಗುವಾಗ ಶುಗರ್, ಎದ್ದಾಗ ಶುಗರ್, ನಡುವೆ ನೋಡಿದ್ದರೆ ಅದು, ಎಷ್ಟು ಗಂಟೆ ಮಲಗಿದಿರಿ, ಸಂಜೆ ಆಡಿದ್ದು ಕುಡಿದದ್ದು ಏನಾದರೂ ಇದ್ದರೆ ಅದು. ಸೆನ್ಸರ್ ಇದ್ದರೆ ದಿನದಲ್ಲಿ ಶೇ 70ಕ್ಕಿಂತ ಜಾಸ್ತಿ ಹೊತ್ತು 70ರಿಂದ 180ರ ನಡುವೆ ಇರಬೇಕು, 70ಕ್ಕಿಂತ ಕೆಳಗೆ ಶೇ 4ಕ್ಕಿಂತ ಕಡಿಮೆ, ಅಂದರೆ ದಿನಕ್ಕೆ ಒಂದು ಗಂಟೆಯೊಳಗೆ, ಅನ್ನುವುದು ಹೆಚ್ಚಿನ ದೊಡ್ಡವರಿಗೆ ಇಟ್ಟಿರುವ ಗುರಿ. ಒಟ್ಟು ಶೇಕಡಾ ಮಾತ್ರ ತೋರಿಸಿ ಬರಬೇಡಿ, ಆ ಲೋಗಳಲ್ಲಿ ಎಷ್ಟು ರಾತ್ರಿ ಹನ್ನೆರಡರಿಂದ ಆರರ ನಡುವೆ ಆಗಿವೆ ಅಂತ ಆ್ಯಪ್‌ನಲ್ಲಿ ತೆಗೆದು ತೋರಿಸಿ. ಕೇಳದಿದ್ದರೂ ತೋರಿಸಿ.